ನಗಲೇಬೇಕು ಅನ್ನಬೇಡಿ, ಒಂದು ಒಳ್ಳೆ ಪುಸ್ತಕ ಕೊಡಿ

ಕ್ಯಾನ್ಸರಿಗೆ ಕೀಮೋ ಚಿಕಿತ್ಸೆ ನಡೆಯುತ್ತಿದೆ ಅಂತ ಗೊತ್ತಾದ ಕೂಡಲೇ ಜನ ಹೇಳುವ ಮೊದಲ ಮಾತು, "ನಗ್ತಾ ಇರಿ, ಪಾಸಿಟಿವ್ ಆಗಿರಿ, ಅರ್ಧ ಕಾಯಿಲೆ ಅದರಲ್ಲೇ ಹೋಗುತ್ತೆ." ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೂ ನನಗೆ ಈ ಮಾತು ಒಪ್ಪಿಗೆಯಿಲ್ಲ. ಕೀಮೋ ನಡೆದಷ್ಟು ಕಾಲವೂ ನಾನು ನಕ್ಕಿದ್ದೇನೆ, ಜೋರಾಗಿಯೇ ನಕ್ಕಿದ್ದೇನೆ. ಚೀಲದಲ್ಲಿ ಪುಸ್ತಕ ಇಲ್ಲದೆ ಒಂದು ದಿನವೂ ವಾರ್ಡಿಗೆ ಹೋದವಳಲ್ಲ. ಆದ್ದರಿಂದಲೇ ಗಟ್ಟಿಯಾಗಿ ಹೇಳುತ್ತೇನೆ: ನಗು ಕ್ಯಾನ್ಸರಿಗೆ ಮದ್ದಲ್ಲ. ಮದ್ದು ಅಂತ ಹೇಳಿ ಅದನ್ನು ರೋಗಿಯ ತಲೆಗೆ ಕಟ್ಟಬೇಡಿ.

ಇದನ್ನು ಸುಮ್ನೆ ಹೇಳುತ್ತಿಲ್ಲ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅವರ ಮನಸ್ಸು ಎಷ್ಟು ನೆಮ್ಮದಿಯಾಗಿತ್ತು ಅನ್ನುವುದಕ್ಕೂ ಅವರು ಎಷ್ಟು ಕಾಲ ಬದುಕಿದರು ಅನ್ನುವುದಕ್ಕೂ ಅದರಲ್ಲಿ ಸಂಬಂಧ ಕಾಣಲಿಲ್ಲ. ಇದನ್ನು ಓದಿ ಕೆಲವರಿಗೆ ಬೇಜಾರಾಗಬಹುದು. ನನಗೆ ದೊಡ್ಡ ಭಾರ ಇಳಿದ ಹಾಗಾಯಿತು. ನಾನು ಒಂದು ಮಧ್ಯಾಹ್ನ ಅತ್ತರೆ ಗಡ್ಡೆ ಬೆಳೆಯುವುದಿಲ್ಲ. ಸಿಟ್ಟು ಮಾಡಿಕೊಂಡರೆ ಔಷಧಿ ಕೆಲಸ ನಿಲ್ಲಿಸುವುದಿಲ್ಲ. ಇಷ್ಟು ಗೊತ್ತಾದ ಮೇಲೆ ನಗು ತಾನಾಗಿ ಬಂತು.

ನಗುನಗುತ್ತಾ ಇರಲೇಬೇಕು ಅನ್ನುವ ಒತ್ತಾಯಕ್ಕೆ ಇನ್ನೊಂದು ಅಪಾಯ ಇದೆ. ಅದನ್ನು ಯಾರೂ ಹೇಳುವುದಿಲ್ಲ. ಒಳ್ಳೆ ರೋಗಿ ಅನ್ನಿಸಿಕೊಳ್ಳುವ ಆಸೆಗೆ ಜನ ಡಾಕ್ಟರ ಹತ್ತಿರವೂ "ಏನೂ ತೊಂದರೆ ಇಲ್ಲ, ಆರಾಮಾಗಿದೀನಿ" ಅಂದುಬಿಡುತ್ತಾರೆ. ವಾಂತಿ ನಿಲ್ಲದಿದ್ದರೆ ಬೇರೆ ಮಾತ್ರೆ ಇದೆ. ಬೆರಳ ತುದಿ ಜೋಮು ಹಿಡಿಯುತ್ತಿದ್ದರೆ ಡೋಸ್ ಬದಲಿಸಬಹುದು. ಹೇಳಿದರೆ ತಾನೇ ಅವರಿಗೆ ಗೊತ್ತಾಗುವುದು? ಜ್ವರದ ವಿಷಯದಲ್ಲಂತೂ ಸಂಕೋಚ ಬೇಡವೇ ಬೇಡ. ಕೀಮೋ ಕೊಟ್ಟ ಸುಮಾರು 7ರಿಂದ 14 ದಿನದ ಮಧ್ಯೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ತೀರಾ ಕಡಿಮೆಯಾಗುತ್ತದೆ. ವಾರ್ಡಿನ ಭಾಷೆಯಲ್ಲಿ ಹೇಳುವುದಾದರೆ ಕೌಂಟ್ ಬೀಳುತ್ತದೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಅದು ತುರ್ತು. ನಡುರಾತ್ರಿಯಾದರೂ ಫೋನ್ ಮಾಡಬೇಕು, ಹೊರಡಬೇಕು. ಬೆಳಗಾಗಲಿ ನೋಡೋಣ ಅಂತ ಕಾಯುವ ಜ್ವರ ಅಲ್ಲ ಅದು.

ಹಾಗಾದರೆ ನಗು ಯಾಕೆ ಬೇಕು? ಆ ಹೊತ್ತು ನಾವು ಫೈಲಿನ ನಂಬರ್ ಆಗಿರುವುದಿಲ್ಲ, ಅದಕ್ಕೆ.

ಡೇ ಕೇರ್ ವಾರ್ಡಿನಲ್ಲಿ ಔಷಧಿ ಹಾಕುವ ಮುಂಚೆ ಪ್ರತಿ ಸಲವೂ ಹೆಸರು ಕೇಳುತ್ತಾರೆ, ಹುಟ್ಟಿದ ದಿನ ಕೇಳುತ್ತಾರೆ. ಇಬ್ಬರು ಸಿಸ್ಟರ್ ಸೇರಿ ಚೀಟಿ, ಬಾಟ್ಲಿ, ಕೈಪಟ್ಟಿ ಮೂರನ್ನೂ ತಾಳೆ ನೋಡುತ್ತಾರೆ. ಔಷಧಿ ಅದಲು ಬದಲು ಆಗಬಾರದಲ್ವಾ. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬರು ಅಜ್ಜ ಇರುತ್ತಿದ್ದರು. ಒಂದು ದಿನ ಸಿಸ್ಟರ್ ಹುಟ್ಟಿದ ದಿನ ಕೇಳಿದಾಗ ಅವರು ಬಹಳ ಗಂಭೀರವಾಗಿ, "ಏನಮ್ಮಾ, ಇಷ್ಟು ಸಲ ಕೇಳ್ತೀಯ, ಒಂದು ಸಲಾನೂ ಕೇಕ್ ತರಲಿಲ್ಲ" ಅಂದರು. ಸಿಸ್ಟರ್ ಕೈಪಟ್ಟಿಯಿಂದ ಕಣ್ಣು ತೆಗೆಯದೆ, "ಮೊದಲು ಕೌಂಟ್ ತನ್ನಿ ಅಜ್ಜ, ಆಮೇಲೆ ಕೇಕ್" ಅಂದರು. ಆ ಸಾಲಿನ ಅಷ್ಟೂ ಕುರ್ಚಿಗಳು ನಕ್ಕವು. ಡ್ರಿಪ್ ಸ್ಟ್ಯಾಂಡುಗಳು ಅಲ್ಲಾಡಿದವು. ಅವತ್ತು ಮೊದಲ ಸಲ ಬಂದಿದ್ದ ಹುಡುಗಿಯೊಬ್ಬಳು ಅಮ್ಮನ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಅವಳೂ ನಕ್ಕಳು.

ಇಲ್ಲಿ ನಗಿಸಿದ್ದು ಯಾರು ನೋಡಿ. ಕುರ್ಚಿಯಲ್ಲಿ ಕೂತವರು, ಮತ್ತು ದಿನವಿಡೀ ಅವರ ಜೊತೆ ಇರುವವರು. ಅವರಿಗೆ ಆ ಹಕ್ಕು ಇದೆ. ನೋಡಲು ಬಂದವರು ನನ್ನ ಬೋಳು ತಲೆ ನೋಡಿ ತಮಾಷೆ ಮಾಡಿದರೆ ನನಗೆ ನಗು ಬರುವುದಿಲ್ಲ. ನಾನೇ ಶುರು ಮಾಡಿದರೆ ನೀವೂ ಸೇರಿಕೊಳ್ಳಿ, ಸಂತೋಷ. ಅಲ್ಲಿಯವರೆಗೆ ಸುಮ್ನಿರಿ.

ಕೂದಲಿನ ಮಾತು ಬಂತು. ಕೀಮೋ ಔಷಧಿಗಳು ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳ ಮೇಲೆ ಬೀಳುತ್ತವೆ. ಕ್ಯಾನ್ಸರ್ ಕೋಶ ಹಾಗೆಯೇ ಬೆಳೆಯುವುದು. ಆದರೆ ಕೂದಲಿನ ಬುಡ, ಬಾಯಿಯ ಒಳಪದರ, ಕರುಳು, ರಕ್ತಕಣ ತಯಾರಾಗುವ ಮೂಳೆಯ ಮಜ್ಜೆ ಕೂಡ ಹಾಗೆಯೇ ಬೆಳೆಯುತ್ತವೆ. ಅದಕ್ಕೇ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ಕೌಂಟ್ ಬೀಳುವುದು. ತಲೆಗೂದಲ ಬಗ್ಗೆ ಎಲ್ಲರೂ ಹೇಳಿದ್ದರು. ಮೂಗಿನೊಳಗಿನ ಕೂದಲೂ ಹೋಗುತ್ತದೆ ಅಂತ ಒಬ್ಬರೂ ಹೇಳಿರಲಿಲ್ಲ. ಅದು ಹೋದರೆ ಮೂಗು ಸೋರುತ್ತಲೇ ಇರುತ್ತದೆ. ಬಗ್ಗಿ ಓದುತ್ತಿದ್ದರೆ ನೇರವಾಗಿ ಪುಟದ ಮೇಲೆ ತೊಟ್ಟಿಕ್ಕುತ್ತದೆ. ಲೈಬ್ರರಿ ಪುಸ್ತಕ ಓದುವವರು ಕರವಸ್ತ್ರ ಹತ್ತಿರ ಇಟ್ಟುಕೊಳ್ಳಿ.

ಇನ್ನು ಪುಸ್ತಕ. "ಕೀಮೋ ಟೈಮಲ್ಲಿ ಬೇಕಾದಷ್ಟು ಓದಬಹುದು, ಬಿಡುವು ಇರುತ್ತಲ್ಲ" ಅನ್ನುತ್ತಾರೆ. ಬಿಡುವು ಇರುತ್ತದೆ, ನಿಜ. ತಲೆ ಇರಬೇಕಲ್ಲ? ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದು, ಎರಡು ಪುಟ ಹಿಂದೆ ಬಂದ ಹೆಸರು ಮರೆತುಹೋಗುವುದು, ಬೇಕಾದ ಪದ ನಾಲಿಗೆ ತುದಿಯಲ್ಲೇ ನಿಲ್ಲುವುದು, ಇದೆಲ್ಲ ಕೀಮೋದಲ್ಲಿ ಸಾಮಾನ್ಯ. ಕೀಮೋ ಬ್ರೈನ್ ಅಂತಲೇ ಕರೆಯುತ್ತಾರೆ. ಬುದ್ಧಿ ಹೋಯಿತು ಅಂತ ಹೆದರಬೇಡಿ. ಬಹಳ ಜನರಲ್ಲಿ ಕ್ರಮೇಣ ಸರಿಹೋಗುತ್ತದೆ. ಹೀಗಾಗಿ ಯಾವ ಪುಸ್ತಕ ಒಳ್ಳೆಯದು ಅನ್ನುವ ಪ್ರಶ್ನೆಗೆ ಇಲ್ಲಿ ಉತ್ತರವೇ ಬೇರೆ. ಒಂದು ಸಲ ಔಷಧಿ ಹಾಕಿದಾಗಿನಿಂದ ಮುಂದಿನ ಸಲದವರೆಗಿನ ಅವಧಿಗೆ ಸೈಕಲ್ ಅನ್ನುತ್ತಾರೆ. ಸೈಕಲ್‌ನ ಯಾವ ದಿನ ಅನ್ನುವುದನ್ನು ನೋಡಿ ಪುಸ್ತಕ ಆರಿಸಬೇಕು.

ಔಷಧಿ ಹಾಕಿದ ರಾತ್ರಿ ನಿದ್ದೆ ಬರುವುದಿಲ್ಲ. ವಾಂತಿ ತಡೆಯಲು, ಅಲರ್ಜಿ ಆಗದಿರಲು ಕೊಡುವ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್ ಕಣ್ಣು ಮುಚ್ಚಲು ಬಿಡುವುದಿಲ್ಲ. ಆ ರಾತ್ರಿ ನನಗೆ ಪತ್ತೇದಾರಿ ಕಾದಂಬರಿಯೇ ಬೇಕು. ಆಮೇಲಿನ ಕೆಲವು ದಿನ ಸುಸ್ತು, ವಾಕರಿಕೆ. ಆಗ ಹೊಸ ಪುಸ್ತಕ ಮುಟ್ಟಬೇಡಿ. ಹಿಂದೆ ಓದಿದ, ಕಥೆ ಗೊತ್ತಿರುವ, ಎಲ್ಲಿ ಬೇಕಾದರೂ ತೆರೆದು ಎಲ್ಲಿ ಬೇಕಾದರೂ ಬಿಡಬಹುದಾದ ಪುಸ್ತಕ ಇರಲಿ. ಹಾಸ್ಯ ಪ್ರಬಂಧಗಳು ಇದಕ್ಕೆ ಹೇಳಿ ಮಾಡಿಸಿದ್ದು. ಮೂರು ಪುಟದಲ್ಲಿ ಮುಗಿಯುತ್ತವೆ. ಯಾರು ಯಾರ ಮಗ ಅಂತ ನೆನಪಿಡಬೇಕಾಗಿಲ್ಲ. ಅಡುಗೆ, ಊಟದ ವರ್ಣನೆ ಇರುವುದನ್ನು ದೂರ ಇಡಿ. ಹಳೆ ಪುಸ್ತಕದ ವಾಸನೆ ನನಗೆ ಪ್ರಾಣ. ಅದೇ ವಾಸನೆಗೆ ಆ ದಿನಗಳಲ್ಲಿ ಹೊಟ್ಟೆ ತೊಳಸುತ್ತಿತ್ತು. ಮುಂದಿನ ಸೈಕಲ್‌ಗೆ ಮುಂಚಿನ ವಾರ ಮೈ ಹಗುರಾಗುತ್ತದೆ, ತಲೆ ತಿಳಿಯಾಗುತ್ತದೆ. ದೊಡ್ಡ ಕಾದಂಬರಿಗೆ ಅದೇ ಸಮಯ.

ದಪ್ಪ ರಟ್ಟಿನ ಪುಸ್ತಕ ಮಾತ್ರ ಬೇಡ. ಕೈಯಲ್ಲಿ ಕ್ಯಾನುಲಾ, ಅಂದರೆ ಡ್ರಿಪ್ ಹಾಕಲು ಚುಚ್ಚಿದ ಸಣ್ಣ ಕೊಳವೆ ಇರುವಾಗ ಹಿಡಿಯಲು ಆಗುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ ಶುರುವಾದ ಮೇಲೆ ನನ್ನ ಬೆರಳ ತುದಿಗೆ ಕಾಗದ ತಾಗಿದ್ದೇ ತಿಳಿಯುತ್ತಿರಲಿಲ್ಲ. ಒಂದು ಹಾಳೆ ತಿರುಗಿಸಲು ಹೋದರೆ ಮೂರು ಹಾಳೆ ಬರುತ್ತಿತ್ತು. ಆಗ ಆಡಿಯೋ ಪುಸ್ತಕಕ್ಕೆ ಬಂದೆ. ಕಿವಿಯಲ್ಲಿ ಕೇಳುವುದು ಓದೇ ಅಲ್ಲ ಅನ್ನುವವರ ಜೊತೆ ನಾನು ಜಗಳಕ್ಕೆ ಸಿದ್ಧ.

ಒಂದು ಓದಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೊದಲ ಸೈಕಲ್‌ಗಳಲ್ಲಿ ನನಗೆ ಕೊಟ್ಟಿದ್ದು ಡಾಕ್ಸೋರುಬಿಸಿನ್. ಕಡು ಕೆಂಪು ಔಷಧಿ. ಸಿಸ್ಟರ್ ಗ್ಲೌಸ್, ಗೌನ್ ಹಾಕಿಕೊಂಡು ಪಕ್ಕದಲ್ಲೇ ಕೂತು ದೊಡ್ಡ ಸಿರಿಂಜಿನಿಂದ ನಿಧಾನವಾಗಿ ಒತ್ತುತ್ತಾರೆ. ರಕ್ತನಾಳದಿಂದ ಒಂದಿಷ್ಟು ಹೊರಗೆ ಸೋರಿದರೂ ಮಾಂಸ ಸುಡುತ್ತದೆ, ಅದಕ್ಕೇ ಅಷ್ಟು ಜಾಗ್ರತೆ. ಆಮೇಲೆ ಒಂದೆರಡು ದಿನ ಮೂತ್ರವೂ ಕೆಂಪಾಗುತ್ತದೆ. ಇಂಗ್ಲಿಷ್ ಮಾತಾಡುವ ರೋಗಿಗಳು ಇದನ್ನು ಕೆಂಪು ದೆವ್ವ ಅಂತ ಕರೆಯುತ್ತಾರೆ. ನನಗೂ ಆ ಸಿರಿಂಜ್ ಕಂಡರೆ ಎದೆ ಡವಗುಟ್ಟುತ್ತಿತ್ತು. ಆಮೇಲೆ ಅದರ ಚರಿತ್ರೆ ಓದಿದೆ. ಇಟಲಿಯಲ್ಲಿ 13ನೇ ಶತಮಾನದ ಒಂದು ಕೋಟೆ ಇದೆ, ಕಾಸ್ಟೆಲ್ ಡೆಲ್ ಮಾಂಟೆ ಅಂತ. 1950ರ ದಶಕದಲ್ಲಿ ಸಂಶೋಧಕರು ಆ ಕೋಟೆಯ ಆಸುಪಾಸಿನ ಮಣ್ಣು ತಂದು ಪರೀಕ್ಷಿಸಿದರು. ಅದರಲ್ಲಿದ್ದ ಒಂದು ಬ್ಯಾಕ್ಟೀರಿಯಾ ಕೆಂಪು ಬಣ್ಣದ ವಸ್ತು ತಯಾರಿಸುತ್ತಿತ್ತು. ಅದರ ಬದಲಾದ ತಳಿಯೊಂದರಿಂದ ಬಂದದ್ದೇ ಈ ಔಷಧಿ. ಹತ್ತಿರದ ಏಡ್ರಿಯಾಟಿಕ್ ಸಮುದ್ರದ ನೆನಪಿಗೆ ಏಡ್ರಿಯಾಮೈಸಿನ್ ಅಂತ ಹೆಸರಿಟ್ಟರು. ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಯೂ ಅನ್ನುವ ಮರದ ತೊಗಟೆಯಲ್ಲಿ. ವಿನ್‌ಕ್ರಿಸ್ಟಿನ್ ಅನ್ನುವ ಇನ್ನೊಂದು ಔಷಧಿ ಬಂದಿದ್ದು ನಾವೆಲ್ಲ ನೋಡಿರುವ ಕಾಶಿಕಣಗಿಲೆ ಗಿಡದಿಂದ.

ಇದನ್ನೆಲ್ಲ ಓದಿದ ಮೇಲೆ ಔಷಧಿಯ ತೊಂದರೆ ಕಡಿಮೆಯಾಯಿತಾ? ಇಲ್ಲ. ವಾಕರಿಕೆ ಅಷ್ಟೇ ಇತ್ತು. ಆದರೆ ಮುಂದಿನ ಸಲ ಸಿಸ್ಟರ್ ಸಿರಿಂಜ್ ತಂದಾಗ ನಾನು ಅವರಿಗೆ ಕೋಟೆಯ ಕಥೆ ಹೇಳುತ್ತಿದ್ದೆ. ಅವರು ಒತ್ತುತ್ತಾ ಒತ್ತುತ್ತಾ ಪ್ರಶ್ನೆ ಕೇಳುತ್ತಿದ್ದರು. ಪಕ್ಕದ ಅಜ್ಜ, "ಮಣ್ಣಿಂದ ಇಂಥದ್ದು ಬರುತ್ತೆ ಅಂದ್ರೆ, ಮಣ್ಣಿಗೆ ಹೋಗೋಕೆ ಏನೂ ಅವಸರ ಇಲ್ಲ ಬಿಡು" ಅಂದರು. ಕೆಂಪು ಔಷಧಿ ಮೈಗೆ ಸೇರುತ್ತಿದ್ದ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದಿದ್ದು ಹೆದರಿಕೆ ಒಂದೇ ಅಲ್ಲ. ಪುಸ್ತಕದಿಂದ ನನಗೆ ಆದ ಉಪಕಾರ ಇದು. ಇಷ್ಟು ಸಾಕು ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ನಿಮ್ಮವರು ಯಾರಾದರೂ ಕೀಮೋದಲ್ಲಿದ್ದರೆ ತೆಳ್ಳಗಿನ, ದಪ್ಪಕ್ಷರದ ಒಂದು ಪುಸ್ತಕ ಕೊಡಿ. ಕ್ಯಾನ್ಸರ್ ಗೆದ್ದವರ ಕಥೆಯನ್ನು ಅವರೇ ಕೇಳುವ ತನಕ ಕೊಡಬೇಡಿ. ಕೊಟ್ಟ ಮೇಲೆ "ಓದಿದ್ರಾ?" ಅಂತ ಕೇಳಬೇಡಿ, ಪರೀಕ್ಷೆ ಅಲ್ವಲ್ಲ. ಕಣ್ಣು ಉರಿಯುವ ದಿನ ಪಕ್ಕದಲ್ಲಿ ಕೂತು ನೀವೇ ಎರಡು ಪುಟ ಓದಿ ಹೇಳಿದರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ನೆಗಡಿ, ಕೆಮ್ಮು ಇದ್ದರೆ ಮಾತ್ರ ದಯವಿಟ್ಟು ಹೋಗಬೇಡಿ, ಫೋನಿನಲ್ಲೇ ಓದಿ. ತುಂಬಾ ನಗು ಬರುವ ಭಾಗ ಇದ್ದರೆ ಮೊದಲೇ ಒಂದು ಮಾತು ಹೇಳಿ. ಬಾಯಿ ಹುಣ್ಣಾಗಿರುವವರು ತಯಾರಾಗಿ ನಗಬೇಕಾಗುತ್ತದೆ.