ರಸ್ತೆಯ ಒಂದು ಅಂಚನ್ನು ಹಿಡಿದಿಡುವ ಮಾಡ್ ಬೇಕು

ಸಿಟೀಸ್: ಸ್ಕೈಲೈನ್ಸ್ ಎಂಬ ಊರು ಕಟ್ಟುವ ಕಂಪ್ಯೂಟರ್ ಆಟದಲ್ಲಿ ನಾನು ಬಳ್ಳಾರಿಯನ್ನು ಕಟ್ಟುತ್ತಿದ್ದೇನೆ. ಅದಕ್ಕೊಂದು ಮಾಡ್, ಅಂದರೆ ಆಟಗಾರರೇ ಬರೆದು ಆಟಕ್ಕೆ ಸೇರಿಸುವ ಸಣ್ಣ ಪ್ರೋಗ್ರಾಂ, ಬೇಕಾಗಿದೆ. ನಿನ್ನೆ ರಾತ್ರಿ ಅದರ ಕೌಲ್ ಬಜಾರಿನ ಒಂದು ಬೀದಿಯನ್ನು ಎರಡು ಲೇನಿನಿಂದ ನಾಲ್ಕು ಲೇನಿಗೆ ಏರಿಸಿದೆ. ಬಲಗಡೆಯ ಮನೆಗಳ ಸಾಲು ಪೂರ್ತಿ ನೆಲಸಮವಾಯಿತು. ಎಡಗಡೆ ಖಾಲಿ ಬಯಲಿತ್ತು. ಇಡೀ ರಸ್ತೆ ಅತ್ತಲೇ ಬೆಳೆಯಬಹುದಿತ್ತು. ಸಿಟ್ಟಿನಿಂದ ಕಂಪ್ಯೂಟರ್ ಆರಿಸಿ ಮಲಗಿದೆ, ನಿದ್ದೆ ಬರಲಿಲ್ಲ.

2015ರ ಮಾರ್ಚಿನಲ್ಲಿ ಬಂದ ಈ ಆಟಕ್ಕೆ ರಸ್ತೆಯೆಂದರೆ ಒಂದು ನಡುಗೆರೆ ಮತ್ತು ಅದರ ಎರಡೂ ಕಡೆಗೆ ಸಮನಾಗಿ ಹರಡಿದ ನಿಗದಿತ ಅಗಲ. ನೆಲವನ್ನು ಅದು 8 ಮೀಟರಿನ ಚೌಕಗಳಲ್ಲಿ ಅಳೆಯುತ್ತದೆ. ಸಣ್ಣ ರಸ್ತೆಗೆ 16 ಮೀಟರ್, ನಾಲ್ಕು ಲೇನಿನ ರಸ್ತೆಗೆ 32. ಏರಿಸಿದಾಗ ನಡುಗೆರೆ ಕದಲುವುದಿಲ್ಲ, ಆದ್ದರಿಂದ ಬಯಲಿದ್ದರೂ ಮನೆಯಿದ್ದರೂ ಎರಡೂ ಮಗ್ಗುಲಿಂದ ಎಂಟೆಂಟು ಮೀಟರ್ ಹೋಗಲೇಬೇಕು.

ನಕ್ಷೆ ಬರೆದೇ ಹೊಟ್ಟೆ ಹೊರೆಯುವ ನನಗೆ ಇದನ್ನು ಸಹಿಸಲು ಆಗುವುದಿಲ್ಲ. ಹೆದ್ದಾರಿ ಕೆಲಸಗಳಲ್ಲಿ ಎಕ್ಸೆಂಟ್ರಿಕ್ ವೈಡನಿಂಗ್ ದಿನನಿತ್ಯದ ಮಾತು: ಒಂದು ಕಡೆ ಊರಿದ್ದರೆ ಸೆಂಟರ್ ಲೈನನ್ನು ಇನ್ನೊಂದು ಕಡೆಗೆ ಸರಿಸಿ, ಹಳೆಯ ಅಂಚನ್ನು ಇದ್ದಲ್ಲೇ ಬಿಟ್ಟು, ಹೊಸ ಅಗಲವನ್ನೆಲ್ಲ ಖಾಲಿ ಜಾಗದಲ್ಲಿ ಪಡೆಯುತ್ತಾರೆ. ನಿಜವಾದ ಕೌಲ್ ಬಜಾರಿನ ಆ ಬೀದಿಯಲ್ಲಿ ಮನೆಗಳ ಮುಂದೆ ಕಲ್ಲಿನ ಕಟ್ಟೆಗಳಿವೆ, ಸಂಜೆ ಹೆಂಗಸರು ಅಲ್ಲಿ ಕುಳಿತು ಅಕ್ಕಿ ಆರಿಸುತ್ತಾರೆ. ಅಂಥ ಮನೆಯೊಂದರ ಗೋಡೆಯ ಮೇಲೆ ಅಳತೆಯವರು ಕೆಂಪು ಬಣ್ಣದಲ್ಲಿ ಗುರುತು ಹಾಕಿದರೆ ಆ ಮನೆಯವರ ಮುಖ ಹೇಗಾಗುತ್ತದೆ ಎಂಬುದನ್ನು ನಾನು ಕೆಲಸದ ಮೇಲೆ ಹೋದಾಗ ನೋಡಿದ್ದೇನೆ. ಆಟದಲ್ಲಾದರೂ ಆ ಗುರುತನ್ನು ತಪ್ಪಿಸುವ ಆಯ್ಕೆ ನನಗೆ ಬೇಕು.

ಮೂವ್ ಇಟ್ ಎಂಬ ಮಾಡ್ ಇದೆಯಲ್ಲ, ನೋಡ್‌ಗಳನ್ನು (ರಸ್ತೆಯ ತುಂಡುಗಳು ಕೂಡುವ ಬಿಂದುಗಳನ್ನು) ಮೊದಲೇ ಪಕ್ಕಕ್ಕೆ ಸರಿಸಿ ಆಮೇಲೆ ಏರಿಸಿ ಎಂದು ಕೆಲವರು ಹೇಳುತ್ತಾರೆ. ನೇರ ರಸ್ತೆಯಲ್ಲಿ ಅದು ಹೇಗೋ ನಡೆದೀತು. ತಿರುವಿರುವ ಬೀದಿಯಲ್ಲಿ ಒಂದೊಂದೇ ನೋಡನ್ನು ಕಣ್ಣಳತೆಯಲ್ಲಿ ತಳ್ಳಿದರೆ ತಿರುವಿನ ಆಕಾರ ಕೆಡುತ್ತದೆ, ಪಕ್ಕದ ಚೌಕಗಳು ಹೊಸದಾಗಿ ಜೋಡಣೆಯಾಗಿ ಉಳಿಸಬೇಕೆಂದ ಮನೆಗಳೇ ನೆಲೆ ಕಳೆದುಕೊಳ್ಳುತ್ತವೆ. ಅದನ್ನು ಪರಿಹಾರವೆಂದು ನಾನು ಒಪ್ಪುವುದಿಲ್ಲ. ಟ್ರಾಫಿಕ್ ಮ್ಯಾನೇಜರ್ ಎಂಬ ಮಾಡ್ ಲೇನುಗಳನ್ನೂ ಸಿಗ್ನಲ್‌ಗಳನ್ನೂ ನಮ್ಮ ಕೈಗೆ ಕೊಟ್ಟಿತು, ನೋಡ್ ಕಂಟ್ರೋಲರ್ ಎಂಬ ಇನ್ನೊಂದು ಮಾಡ್ ಕೂಡುರಸ್ತೆಯ ಮೂಲೆಗಳನ್ನು ತಿದ್ದಲು ಬಿಟ್ಟಿತು. 2023ರ ಅಕ್ಟೋಬರಿನಲ್ಲಿ ಬಂದ ಎರಡನೆಯ ಆಟಕ್ಕೆ ರೋಡ್ ಬಿಲ್ಡರ್ ಎಂಬ ಮಾಡ್ ಕೂಡ ಇದೆ. ಬೇಕಾದ ಲೇನುಗಳನ್ನು ಜೋಡಿಸಿ ನಮ್ಮದೇ ರಸ್ತೆ ಮಾಡಿಕೊಳ್ಳಬಹುದು. ಇಷ್ಟೆಲ್ಲ ಮಾಡಿದವರಿಗೆ ಒಂದು ಅಂಚನ್ನು ಹಿಡಿದಿಡುವುದು ಅಸಾಧ್ಯವೆಂದು ನಾನು ನಂಬುವುದಿಲ್ಲ.

ನಾನು ಕೇಳುವುದು ಇಷ್ಟೇ. ರಸ್ತೆಯ ಒಂದು ಅಂಚಿನ ಮೇಲೆ ಕ್ಲಿಕ್ ಮಾಡಿದರೆ ಅದು ಅಲ್ಲೇ ನಿಲ್ಲಬೇಕು, ಹೊಸ ಅಗಲವೆಲ್ಲ ಎದುರು ಮಗ್ಗುಲಿಗೆ ಹೋಗಬೇಕು, ತಿರುವಿನಲ್ಲಿಯೂ ನಡುಗೆರೆ ತಾನಾಗಿ ಸರಿದುಕೊಳ್ಳಬೇಕು. ಅಗಲವಾದ ತುಂಡು ಹಳೆಯ ರಸ್ತೆಗೆ ಕೂಡುವಲ್ಲಿ ಥಟ್ಟನೆ ಮುರಿಯದೆ ನಿಧಾನವಾಗಿ ಕಿರಿದಾಗಬೇಕು. ಮಾಡ್ ಬರೆಯುವ ಪ್ರೋಗ್ರಾಮಿಂಗ್ ಭಾಷೆ ಸಿ ಶಾರ್ಪ್ ಬಲ್ಲ ಗೆಳೆಯರು ಯಾರಾದರೂ ಇದಕ್ಕೆ ಕೈ ಹಾಕುವುದಾದರೆ, ಕೌಲ್ ಬಜಾರಿನ ಆ ಬೀದಿಯನ್ನು ನಾನೇ ಟೇಪು ಹಿಡಿದು ಅಳೆದು, ತಿರುವುಗಳ ಸಮೇತ ನಕ್ಷೆ ಬರೆದು ಕಳಿಸುತ್ತೇನೆ.