ಕೊಟ್ಟು ಕೈ ತೊಳೆದುಕೊಂಡ ತಮ್ಮ

ಹೋದ ವಾರ ಕಲಬುರಗಿಯಿಂದ ತಮ್ಮ ವಾಟ್ಸಾಪ್‌ನಲ್ಲಿ ಒಂದು ನೋಟಿಸು ಕಳಿಸಿದ. ರಿಂಗ್ ರೋಡಿನ ಹತ್ತಿರ ಅವನದೊಂದು ಸಣ್ಣ ಫಂಕ್ಷನ್ ಹಾಲ್ ಇದೆ. ಮದುವೆಗಳಲ್ಲಿ ಅನುಮತಿ ಇಲ್ಲದೆ ಹಾಡು ಹಾಕಿದ್ದೀರಿ, ಏಳು ದಿನದಲ್ಲಿ 45,000 ರೂಪಾಯಿ ಕಟ್ಟಿ, ಇಲ್ಲದಿದ್ದರೆ ಕೋರ್ಟು ಅಂತ ಯಾವುದೋ ಕಂಪನಿಯ ವಕೀಲರು ಬರೆದಿದ್ದರು. ಯಾವ ಹಾಡು, ಯಾವ ತಾರೀಖು, ಒಂದೂ ಇಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಹಾಲಿನ ಹೆಸರನ್ನು ಪೆನ್ನಿನಿಂದ ತುಂಬಿದ್ದರು. ಅಂದರೆ ಊರಿಗೆಲ್ಲ ಒಂದೇ ಕಾಗದ.

ಫೋನ್ ಮಾಡುವಷ್ಟರಲ್ಲಿ ಅವನು 18,000ಕ್ಕೆ ಮುಗಿಸಿಬಿಟ್ಟಿದ್ದ. "ನಮ್ಮ ವಕೀಲರೇ ಅಂದ್ರಣ್ಣ, ಕೊಟ್ಟು ಕೈ ತೊಳ್ಕೊ ಅಂತ. ತಾರೀಖಿಗೊಮ್ಮಿ ಯಾರ್ ಅಡ್ಡಾಡ್ಬೇಕು?" ಹಿಂದಿನಿಂದ ಅವ್ವನ ದನಿ: "ಕೋರ್ಟಿನ ಗೊಡವಿ ಬ್ಯಾಡಪ್ಪ." ನನಗೆ ಮೈಯೆಲ್ಲ ಉರಿಯಿತು.

ನಾನಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಇದೇ ಊರಿನ ಫೆಡರಲ್ ಕೋರ್ಟು 2019ರಲ್ಲಿ ಪಾಲ್ ಹ್ಯಾನ್ಸ್‌ಮೈಯರ್ ಎಂಬ ವಕೀಲನನ್ನು 14 ವರ್ಷ ಜೈಲಿಗೆ ಕಳಿಸಿತು. ಅವನೂ ಜೊತೆಗಾರ ಜಾನ್ ಸ್ಟೀಲ್‌ನೂ ಮಾಡುತ್ತಿದ್ದುದು ಇದೇ ದಂಧೆ. ನೀಲಿಚಿತ್ರ ಡೌನ್‌ಲೋಡ್ ಮಾಡಿದ್ದೀರಿ ಎಂದು ಕಂಡ ಕಂಡವರಿಗೆಲ್ಲ ಕಾಗದ. ಕೇಳುತ್ತಿದ್ದುದು ಸುಮಾರು 4,000 ಡಾಲರ್, ವಕೀಲರನ್ನಿಟ್ಟು ಹೋರಾಡುವ ಖರ್ಚಿಗಿಂತ ಒಂಚೂರು ಕಡಿಮೆ. ಜನ ಮರ್ಯಾದೆಗೆ ಅಂಜಿ ಕೊಟ್ಟರು. ಆಮೇಲೆ ನೋಡಿದರೆ, ಕೆಲವು ಚಿತ್ರಗಳನ್ನು ಇವರೇ ತೆಗೆದು ಇವರೇ ಇಂಟರ್ನೆಟ್‌ಗೆ ಬಿಟ್ಟು ಗಾಳ ಹಾಕಿ ಕೂತಿದ್ದರು! 2013ರಲ್ಲೇ ಲಾಸ್ ಏಂಜಲೀಸ್‌ನ ನ್ಯಾಯಾಧೀಶರೊಬ್ಬರು ಎದುರಿನವರ ವಕೀಲರ ಖರ್ಚನ್ನು ದುಪ್ಪಟ್ಟು ಮಾಡಿ, 81,000 ಡಾಲರ್‌ಗೂ ಜಾಸ್ತಿ ಕಟ್ಟಿಸುವ ಆದೇಶ ಕೊಟ್ಟಿದ್ದರು.

ಲಾಸ್ ವೇಗಸ್‌ನ ರೈಟ್‌ಹೇವನ್ ಕಂಪನಿಯದು ಇನ್ನೂ ಮಜಾ. ಪತ್ರಿಕೆಯ ಬರಹ ಕದ್ದಿರಿ ಎಂದು 200ಕ್ಕೂ ಹೆಚ್ಚು ಕೇಸು ಹಾಕಿತ್ತು. ಕೇಸು ಹಾಕುವ ಹಕ್ಕೇ ಅದಕ್ಕಿಲ್ಲ ಎಂದು ಕೋರ್ಟು ಹೇಳಿತು. ಗೆದ್ದವರ ವಕೀಲರ ಖರ್ಚು ಕೊಡಲಾಗದೆ ಕೊನೆಗೆ ಅದರ ವೆಬ್‌ಸೈಟ್ ಹೆಸರೂ ಹರಾಜಾಯಿತು.

ನಮ್ಮಲ್ಲಿ? ಸುಳ್ಳು ದಾವೆ ಹಾಕಿದವರಿಂದ ಪರಿಹಾರ ಕೊಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 35ಎ ಅಂತ ಒಂದು ಕಲಂ ಇದೆ. ಹೆಚ್ಚೆಂದರೆ 3,000 ರೂಪಾಯಿ. ತಮ್ಮನ ಹಾಲಿನಲ್ಲಿ ಒಂದು ಮದುವೆಯ ಹೂವಿಗೂ ಸಾಲದು. ಹೀಗಿದ್ದರೆ ನೋಟಿಸು ಬರೆಯುವವನಿಗೆ ಯಾತರ ಅಂಜಿಕೆ?

ಸರಿ, ಪೂರ್ತಿ ಹೇಳಿಬಿಡುತ್ತೇನೆ. ದೊಡ್ಡ ಮೊತ್ತದ ವಾಣಿಜ್ಯ ವ್ಯಾಜ್ಯಗಳಿಗೆ 2015ರ ಕಾಯ್ದೆ ಆ 3,000ದ ಮಿತಿ ತೆಗೆದುಹಾಕಿದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಮದುವೆಯ ಹಾಡಿಗೆ ವಿನಾಯಿತಿ ಇದೆ. ಸುಮ್ನೆ ಬೆದರಿಸಿದವರ ಮೇಲೆ ನಾವೇ ದಾವೆ ಹೂಡಲು ಅದೇ ಕಾಯ್ದೆಯಲ್ಲಿ 60ನೇ ಕಲಮೂ ಇದೆ. ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆ. ಇಲ್ಲಿ ಅಮೆರಿಕದವರೂ ಭಾರೀ ಧೈರ್ಯವಂತರೇನಲ್ಲ. ಹ್ಯಾನ್ಸ್‌ಮೈಯರ್, ಸ್ಟೀಲ್ ಇಬ್ಬರೂ ಸಿಕ್ಕಿಬೀಳುವ ಹೊತ್ತಿಗೆ ಸುಮಾರು 60 ಲಕ್ಷ ಡಾಲರ್ ಬಾಚಿಯಾಗಿತ್ತು. ಇನ್ನೊಂದು ಮಾತು. ತಮ್ಮ ಡಿಸೆಂಬರ್ 31ಕ್ಕೆ ಟಿಕೆಟ್ ಇಟ್ಟು ಡಿಜೆ ಹಾಕಿಸುತ್ತಾನೆ. ಅದು ಮದುವೆಯಲ್ಲ, ಅದಕ್ಕೆ ದುಡ್ಡು ಕೇಳಿದರೆ ತಪ್ಪೇನಿಲ್ಲ.

ಆದರೂ ಆ 18,000 ಹೊಟ್ಟೆಯಲ್ಲಿ ಕುದಿಯುತ್ತಲೇ ಇತ್ತು. 60ನೇ ಕಲಮಿನ ಫೋಟೋ ಹೊಡೆದು, ಕೆಂಪು ಗೆರೆ ಎಳೆದು ಅವನಿಗೆ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: "ನೋಡ್ದೆ ಅಣ್ಣಾ. ಶರಣಬಸಪ್ಪನ ಜಾತ್ರಿಗಿ ಬರ್ತಿಯೋ ಇಲ್ಲೋ, ಅದ್ ಹೇಳು."