ಭಾವನ ರನೌಟ್

ನಮ್ಮ ಭಾವ ಟೆಕ್ಸಾಸಿನಲ್ಲಿದ್ದಾರೆ. ಅಲ್ಲಿ ರೈಫಲ್ಲಿಗೆ ಬೇಕಾದ ತೋಟಾ ಮನೇಲೇ ಕೂತು ಮಾಡಿಕೊಳ್ಳಬಹುದು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಅದಕ್ಕೆ ಕೈ ಹಾಕಿದರೆ 1959ರ ಆಯುಧ ಕಾಯ್ದೆ ಬಾಗಿಲಿಗೇ ಬರುತ್ತದೆ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಅಕ್ಕನ ಮುಖ ಕಾಣೋದೇ ಅಪರೂಪ. ಪರದೆ ತುಂಬಾ ಭಾವ ಮತ್ತು ತೋಟಾ.

"ನೋಡೋ, ಇದರಲ್ಲಿ ಮೂರು ರನೌಟ್" ಅಂದರು ಒಮ್ಮೆ.

"ಯಾರ ಬ್ಯಾಟಿಂಗು ಭಾವ?" ಅಂದೆ.

ತೋಟಾವನ್ನು ಅಡ್ಡ ಮಲಗಿಸಿ, ಗುಂಡಿನ ಮೂತಿಗೆ ಡಯಲ್ ಗೇಜ್ ತಾಗಿಸಿ, ಬೆರಳಲ್ಲಿ ಮೆಲ್ಲಗೆ ಉರುಳಿಸಿ ತೋರಿಸಿದರು. ಮುಳ್ಳು ಆ ಕಡೆ ಈ ಕಡೆ ತೂಗಿತು. ಗುಂಡು ಸೊಟ್ಟ ಕೂತಿದ್ದರೆ ಮುಳ್ಳು ಹೀಗೆ ತೂಗುವ ಅಳತೆಯೇ ರನೌಟ್ ಅಂತೆ. ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು. ಹೆಚ್ಚು ಕಮ್ಮಿ ಒಂದು ತಲೆಗೂದಲ ದಪ್ಪ! ಹಿತ್ತಾಳೆ ಕೇಸಿನ ಕತ್ತು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ, ಇಲ್ಲಾ ಅಚ್ಚಿನಿಂದ ಎಳೆಯುವಾಗ ಕತ್ತು ವಾಲಿದರೆ, ಗುಂಡು ಸೊಟ್ಟಗೆ ಕೂರುತ್ತದಂತೆ. ನಳಿಗೆಗೆ ಸೊಟ್ಟಗೆ ಹೊಕ್ಕ ಗುಂಡು ಹೊರಗೆ ಓಲಾಡಿಕೊಂಡು ಹೋಗುತ್ತದಂತೆ. ಅದಕ್ಕೇ ಭಾವ ಸೊಟ್ಟ ಇರುವ ಕಡೆ ಸ್ಕೆಚ್ ಪೆನ್ನಲ್ಲಿ ಚುಕ್ಕೆ ಇಡುತ್ತಾರೆ. ರೈಫಲ್ಲಿಗೆ ಹಾಕುವಾಗ ಪ್ರತಿ ಸಲವೂ ಚುಕ್ಕೆ ಮೇಲಕ್ಕೇ ಬರಬೇಕು.

"ಸೊಟ್ಟ ಇದ್ರೆ ಇರ್ಲಿ ಕಣೋ. ಎಲ್ಲಾ ಒಂದೇ ಕಡೆ ಸೊಟ್ಟ ಇರ್ಬೇಕು."

(ನಮ್ಮ ಸೋದರಮಾವಂದಿರಿಗೂ ಈ ಮಾತು ಹೇಳಬೇಕು. ಜಮೀನು ಭಾಗ ಆಗಿ ಬಿಡುತ್ತಿತ್ತು.)

ಇಷ್ಟು ವಿದ್ಯೆ ಹೊತ್ತುಕೊಂಡು ದಾವಣಗೆರೆ ದುರ್ಗಮ್ಮನ ಜಾತ್ರೆಗೆ ಹೋದೆ. ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ, ಮಗಳ ಮುಂದೆ ಮಾನ ಉಳಿಯಬೇಕಲ್ವಾ? ಬಲೂನ್ ಅಂಗಡಿಯಲ್ಲಿ ಏರ್‌ಗನ್ ಎತ್ತಿದೆ. ಐದು ಹೊಡೆದೆ. ಐದೂ ಹಲಗೆಗೆ ಟಕ್ ಟಕ್ ಅಂದವು.

ಡಬ್ಬಿಯಿಂದ ಒಂದು ಸೀಸದ ಗುಂಡು ತೆಗೆದು ಬೆಳಕಿಗೆ ಹಿಡಿದೆ. ಹಿಂದಿನ ಅಂಚು ಚಪ್ಪಟೆಯಾಗಿತ್ತು. ಸಿಕ್ಕಿತು ಕಾರಣ! "ಇದರಲ್ಲಿ ರನೌಟ್ ಜಾಸ್ತಿ ಐತಲ್ಲಪ್ಪಾ" ಅಂದೆ, ಗಂಭೀರವಾಗಿ.

ಅಂಗಡಿಯವನು ಬೀಡಿ ಪಕ್ಕಕ್ಕಿಟ್ಟ. "ಗುಂಡಿಗ್ಯಾಕೆ ಸುಮ್ನೆ ಬೈತೀರಣ್ಣ? ನಳಿಗೇನೇ ಸೊಟ್ಟ ಐತಿ. ಹೋದ ಜಾತ್ರ್ಯಾಗ ಲಾರಿ ಮೇಲಿಂದ ಬಿದ್ದಿತ್ತು. ಎಡಗಡೆ ಎರಡು ಬಲೂನಿನ ಸಂದಿಗೆ ಗುರಿ ಇಡ್ರಿ."

ಸಂದಿಗೆ ಇಟ್ಟೆ. ಢಬ್! ಮತ್ತೆ ಸಂದಿ, ಮತ್ತೆ ಢಬ್. "ಅಪ್ಪಾ, ಏನೂ ಇಲ್ಲದ ಜಾಗಕ್ಕೆ ಯಾಕೆ ಹೊಡೀತಿದೀಯಾ?" ಅಂದಳು ಮಗಳು.

ರಾತ್ರಿ ಆ ಬಂದೂಕದ ಫೋಟೊ ಭಾವನಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: "ರನೌಟ್ ಎಷ್ಟು ಬರುತ್ತೆ?"

"ಒಂದೂವರೆ ಬಲೂನು ಭಾವ. ಬಲಕ್ಕೆ."